ಕಾಲುವೆ ಏರಿಯ ಹತ್ತನೆಯ ಗ್ರಹ

ಕಳೆದ ತಿಂಗಳು ಹಂಪಿಗೆ ಹೋಗಿದ್ದೆ. ನನ್ನ ಜೊತೆ ಸಂಶೋಧನೆ ಮಾಡುವ ಮೈಸೂರಿನ ಗೆಳತಿ ಬಂದಿದ್ದಳು, ಅವಳಿಗೆ ತೋರಿಸಬೇಕಿತ್ತು. ಬಿಸಿಲೇರಿದ ಮೇಲೆ ಹೊಳೆಯ ಕಡೆ ಇಳಿಯುವಾಗ, ಬಂಡೆಗಳ ಸಂದಿಯ ಒಂದು ಬೇವಿನ ಮರದ ಕೆಳಗೆ ಒಂಬತ್ತು ಸಣ್ಣ ಕಲ್ಲು ನಿಲ್ಲಿಸಿದ್ದು ಕಂಡಿತು. ಯಾರೋ ಆಗಷ್ಟೇ ಎಳ್ಳೆಣ್ಣೆ ಸುರಿದು ಹೋಗಿದ್ದರು. ಕಾದ ಕಲ್ಲಿನ ಮೇಲೆ ಎಣ್ಣೆ ಕಮಟು ವಾಸನೆ ಬಿಡುತ್ತಿತ್ತು. ಗೆಳತಿ ಫೋಟೊ ತೆಗೆಯಲು ನಿಂತಳು. ನಾನು ದೂರ ಹೋಗಿ ಬಾಟಲಿಯ ನೀರನ್ನು ಮುಖಕ್ಕೆ ಹಾಕಿಕೊಂಡೆ.

"ಬಿಸಿಲು ತಾಗಿತಾ?" ಎಂದು ಕೇಳಿದಳು.

ಹೌದು ಎಂದೆ. ಬಿಸಿಲಲ್ಲ. ಎಳ್ಳೆಣ್ಣೆಯ ವಾಸನೆ ಬಂದರೆ ನನಗೆ ಅದರ ಹಿಂದೆಯೇ ರಕ್ತದ ವಾಸನೆಯೂ ಬರುತ್ತದೆ. ಒಂದು ಬೇಸಿಗೆಯಲ್ಲಿ ಎರಡೂ ಬೆರೆತವು, ಆಮೇಲೆ ಬೇರೆಯಾಗಲಿಲ್ಲ.

ಖಗೋಳ ವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿ, ಪಿಎಚ್‌ಡಿ ಸಂದರ್ಶನದ ಫಲಿತಾಂಶಕ್ಕೆ ಕಾಯುತ್ತಾ ಊರಿನಲ್ಲಿದ್ದ ಬೇಸಿಗೆ ಅದು. ಊರು ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಏರಿಗೆ ಅಂಟಿಕೊಂಡಿದೆ. ಹೆಸರು ಹೇಳುವುದಿಲ್ಲ. ನಾನು ಅಲ್ಲಿ ಬೆಳೆದವಳಲ್ಲ. ಅಪ್ಪ ಸಂಡೂರಿನ ಗುಡ್ಡದ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ನನ್ನ ಶಾಲೆ, ಗೆಳತಿಯರು, ಮೊದಲ ನಕ್ಷತ್ರಗಳು ಎಲ್ಲವೂ ದೋಣಿಮಲೈ ಕ್ವಾರ್ಟರ್ಸಿನವು. ನಿವೃತ್ತಿಯಾದ ಮೇಲೆ ಅಪ್ಪ ಕೇರಿಯ ಹಳೆಯ ಜಾಗದಲ್ಲಿ ಎರಡು ಕೋಣೆ ಕಟ್ಟಿಸಿಕೊಂಡು ಬಂದರು. ಅದಕ್ಕೂ ಬಹಳ ಮೊದಲೇ ಬುದ್ಧನ ದೀಕ್ಷೆ ತೆಗೆದುಕೊಂಡಿದ್ದರು. ನಮ್ಮ ಮನೆಯಲ್ಲಿ ದೇವರ ಮಾಡ ಇರಲಿಲ್ಲ, ಪಂಚಾಂಗ ಇರಲಿಲ್ಲ. ಬೆಕ್ಕು ಅಡ್ಡ ಬಂದರೆ ಅಪ್ಪ ಅದಕ್ಕೆ ಹಾಲು ಹಾಕುತ್ತಿದ್ದರು.

ಆಗ ಕಾಲುವೆ ಬಂದ್ ಆಗಿತ್ತು. ದುರಸ್ತಿಗೆಂದು ನೀರು ನಿಲ್ಲಿಸಿದ್ದರು. ತಳದ ಕೆಸರು ಗುಂಡಿಗಳಲ್ಲಿ ಮೀನು ಸಿಕ್ಕಿಹಾಕಿಕೊಂಡಿದ್ದವು. ಗಂಡಸರು ಬಡಿಗೆ ಹಿಡಿದು ಇಳಿದು ಅವುಗಳ ತಲೆಗೆ ಬಡಿಯುತ್ತಿದ್ದರು. ಒಂದೇ ಏಟಿಗೆ ಸಾಯದ ಮೀನಿಗೆ ಇನ್ನೊಂದು. ಒಂದು ಗುಂಡಿಗಾಗಿ ಇಬ್ಬರು ಬಡಿದಾಡಿ ಒಬ್ಬನ ತಲೆ ಒಡೆದಿತ್ತು. ಆ ಬೇಸಿಗೆಯ ಶಬ್ದ ಎಂದರೆ ನನಗೆ ಅದೇ: ಒದ್ದೆ ಮಣ್ಣಿನ ಮೇಲೆ ಬಡಿಗೆ ಬೀಳುವ ಸದ್ದು.

ಕಾಲುವೆಯ ಈ ಕಡೆ ನಮ್ಮ ಕೇರಿ, ಆ ಕಡೆ ಮೇಲಿನ ಓಣಿ. ಆ ಕಡೆಯ ತೂಬಿನ ಪಕ್ಕದಲ್ಲಿ ಅರಳಿಮರ, ಅದರ ಬುಡಕ್ಕೆ ನವಗ್ರಹದ ಕಟ್ಟೆ. ನಮ್ಮವರು ಆ ಕಟ್ಟೆ ಹತ್ತುವುದಿಲ್ಲ. ಹತ್ತಬಾರದು ಎಂದು ಬೋರ್ಡು ಏನೂ ಇಲ್ಲ. ಶನಿವಾರ ನಮ್ಮ ಹೆಂಗಸರು ಎಳ್ಳೆಣ್ಣೆಯ ಶೀಷೆ ತಂದು ಕೆಳಗಿನ ಚಪ್ಪಡಿಯ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಪೂಜಾರಿ ಬಂದು ಎತ್ತಿಕೊಳ್ಳುತ್ತಾನೆ. ಅವರ ಹೆಸರಿನಲ್ಲಿ ಸುರಿಯುತ್ತಾನೆ ಎಂದು ನಂಬಿಕೆ.

ಹುಲಿಗೆಮ್ಮ ನನ್ನ ದೊಡ್ಡಪ್ಪನ ಮಗಳು. ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಗದ್ದೆಯಲ್ಲಿ ಬಗ್ಗಿದರೆ ಮಧ್ಯಾಹ್ನದವರೆಗೆ ಸೊಂಟ ಎತ್ತದವಳು, ಬಾಯಿ ಮಾತ್ರ ಒಂದು ಗಳಿಗೆಯೂ ಮುಚ್ಚದವಳು. ಎರಡು ಬಸಿರು ನಿಲ್ಲದೆ ಹೋಗಿದ್ದವು. ಶನಿಯ ಕಾಟ, ಎಣ್ಣೆ ಹಾಕಿಸು ಎಂದು ಯಾರೋ ಹೇಳಿದ್ದರು. ಆ ಬೇಸಿಗೆಯಲ್ಲಿ ಮೂರನೆಯದು ಹೊಟ್ಟೆಯಲ್ಲಿತ್ತು, ನಾಲ್ಕು ತಿಂಗಳು. ಶನಿವಾರ ತಪ್ಪದೆ ಶೀಷೆ ಇಟ್ಟು ಬರುತ್ತಿದ್ದಳು. ಒಂದು ಶನಿವಾರ ಏನು ಅನ್ನಿಸಿತೋ, ಏರಿಯ ಈಚೆ ಜಾಲಿಗಿಡದ ಮರೆಯಲ್ಲಿ ನಿಂತು ನೋಡಿದಳು. ಪೂಜಾರಿ ಕೇರಿಯ ಶೀಷೆಗಳನ್ನೆಲ್ಲ ಒಂದು ಡಬ್ಬಿಗೆ ಬಗ್ಗಿಸಿ, ತೂಬಿನ ತಿರುಗಣೆಗೆ ಹಚ್ಚುತ್ತಿದ್ದ. ಬಾಗಿಲು ಸಲೀಸಾಗಿ ಏರಿಳಿಯಲೆಂದು.

ನಮ್ಮ ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದಳು. "ಇಷ್ಟ ದಿನ ನನ್ನ ಶನಿ ಕಟ್ಟಿ ಮ್ಯಾಲ ಅದಾನಂತ ತಿಳ್ಕೊಂಡಿದ್ನೆಲೇ ಸುಜಾತಾ. ಅವ ತೂಬಿನ್ಯಾಗ ಕುಂತಾನ!" ನಕ್ಕು ಮುಗಿಸಿ, ನಮ್ಮ ಅಂಗಳದ ಹಸಿ ಸೌದೆಯ ಮೇಲೆ ಕೊಡಲಿ ಎತ್ತಿ ಹಾಕತೊಡಗಿದಳು. ಅಪ್ಪ ಕೊಡಲಿ ಕಸಿದುಕೊಳ್ಳುವವರೆಗೆ ಬಿಡಲಿಲ್ಲ.

ಅದೇ ವಾರಗಳಲ್ಲಿ ಟೀವಿಯಲ್ಲಿ ಹೊಸ ಗ್ರಹದ ಸುದ್ದಿ ಬರುತ್ತಿತ್ತು. ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹವೊಂದರ ಗಾಳಿಯಲ್ಲಿ, ನಮ್ಮಲ್ಲಿ ಕಡಲಿನ ಸಣ್ಣ ಜೀವಿಗಳು ಬಿಡುವಂಥ ಅನಿಲದ ಸುಳಿವು ಸಿಕ್ಕಿದೆ ಎಂದು ಕೆಲವರು ಹೇಳಿದ್ದರು. 'ಇರಬಹುದು' ಎಂಬ ಮಾತು ಟೀವಿಗೆ ಬರುವಷ್ಟರಲ್ಲಿ 'ಇದೆ' ಆಗಿತ್ತು. ಇನ್ನೊಂದು ಚಾನೆಲಿನಲ್ಲಿ ಜ್ಯೋತಿಷಿಯೊಬ್ಬ ಹೊಸ ಗ್ರಹದಿಂದ ಯಾವ ರಾಶಿಗೆ ಕೇಡು ಎಂದು ವಿವರಿಸುತ್ತಿದ್ದ. ಅಪ್ಪ ಟೀವಿ ಬಂದ್ ಮಾಡಿ ನನ್ನ ಕಡೆ ತಿರುಗಿದರು. "ಬುದ್ಧ ಪೂರ್ಣಿಮೆ ದಿನ ಕೇರಿ ಭವನದಾಗ ನೀನು ಮಾತಾಡು. ಇವನ ಬಾಯಿಂದ ಕೇಳೋದ್ಕಿಂತ ನಿನ್ನ ಬಾಯಿಂದ ಕೇಳ್ಲಿ."

ನನಗೆ ಜನರ ಮುಂದೆ ಮಾತಾಡುವುದು ಇಷ್ಟವಿಲ್ಲ. ಆದರೂ ಮಾತಾಡಿದೆ. ಸಂಜೆಯ ಬೆಳಕು ಇನ್ನೂ ಇತ್ತು. ಭವನದ ಗೋಡೆಯ ಮೇಲೆ ಚಿತ್ರಗಳನ್ನು ಹಾಕಿ ತೋರಿಸಿದೆ. ಬೇರೆ ನಕ್ಷತ್ರಗಳನ್ನು ಸುತ್ತುವ ಈ ಗ್ರಹಗಳಲ್ಲಿ ನೇರವಾಗಿ ಕಂಡವು ತೀರಾ ಕಡಿಮೆ. ನಕ್ಷತ್ರದ ಮುಂದೆ ಏನೋ ಹಾದುಹೋದಾಗ ಅದರ ಬೆಳಕು ಕೂದಲೆಳೆಯಷ್ಟು ಕುಂದುತ್ತದೆ. ಅಥವಾ ಏನೋ ಎಳೆದಂತೆ ನಕ್ಷತ್ರ ಹಿಂದೆ ಮುಂದೆ ತೂಗುತ್ತದೆ. ಆ ಏನೋ ಎಂಬುದೇ ಗ್ರಹ. ಹೀಗೆ ಸಿಕ್ಕವು ಸಾವಿರಾರು. ಹೆಚ್ಚಿನವು ಬದುಕುವ ಜಾಗಗಳಲ್ಲ. ಒಂದರಲ್ಲಿ ಮಳೆಯ ಬದಲು ಗಾಜಿನ ಚೂರು ಗಾಳಿಗೆ ಅಡ್ಡಡ್ಡ ಹಾರುತ್ತಿರಬೇಕು. ಇನ್ನೊಂದು ತನ್ನ ನಕ್ಷತ್ರಕ್ಕೆ ಎಷ್ಟು ಹತ್ತಿರವೆಂದರೆ, ಒಂದು ಮುಖಕ್ಕೆ ಯಾವಾಗಲೂ ಹಗಲು, ಇನ್ನೊಂದಕ್ಕೆ ಯಾವಾಗಲೂ ಕತ್ತಲು. ಹಗಲಿನ ಕಡೆ ಕಬ್ಬಿಣ ಕುದಿದು ಆವಿಯಾಗುತ್ತದೆ, ಕತ್ತಲ ಅಂಚಿನಲ್ಲಿ ಮಳೆಯಾಗಿ ಸುರಿಯುತ್ತದೆ.

"ಒಂದ ಕಡಿ ಹಗಲು, ಒಂದ ಕಡಿ ಕತ್ಲಿ ಅಂದ್ರ ನಮ್ಮೂರ ಇದ್ದಂಗ," ಎಂದಳು ಹಿಂದೆ ಕೂತ ಮುದುಕಿಯೊಬ್ಬಳು. ಎಲ್ಲರೂ ನಕ್ಕರು.

"ಕಬ್ಬಿಣದ ಮಳಿ?" ಹುಲಿಗೆಮ್ಮ ಗಂಡನ ಬೆನ್ನಿಗೆ ಗುದ್ದಿದಳು. ಅವಳ ಗಂಡ ಯಂಕಪ್ಪ ಸಂಡೂರಿನಿಂದ ಅದಿರು ಹೊರುವ ಟಿಪ್ಪರಿನ ಡ್ರೈವರ್. "ಅಲ್ಲಿಗೆ ಹೋಗು ನೀನು. ಗಾಡಿ ನಿಲ್ಲಿಸಿ ಮಲ್ಕೊಂಡ್ರೂ ಲೋಡ್ ಆಕ್ಕತಿ."

ನಗು ತಗ್ಗಿದ ಮೇಲೆ ಅವಳು ಮತ್ತೆ ಕೇಳಿದಳು, ಈ ಸಲ ನಗದೆ. "ಅವು ಯಾರ ಹೆಸರಿಗೆ ಅದಾವ?"

"ಯಾರ ಹೆಸರಿಗೂ ಇಲ್ಲ ಅಕ್ಕ."

"ಪೂಜಾರಿ?"

"ಯಾರೂ ಇಲ್ಲ."

"ಒಂದಕ್ಕೂ ಕಟ್ಟಿ ಕಟ್ಟಿಲ್ಲ?"

"ಇಲ್ಲ."

ಮುಂದಿನ ಶನಿವಾರ ಕಾಲುವೆಯ ಈಚೆ ಏರಿಯ ಮೇಲೆ, ಸರಿಯಾಗಿ ಆ ಕಟ್ಟೆಯ ಎದುರಿಗೆ, ಒಂದು ಕಲ್ಲು ನಿಂತಿತ್ತು. ಅದಿರಿನ ಕಲ್ಲು. ಸಂಡೂರಿನ ಘಾಟಿಯಲ್ಲಿ ಯಾವುದೋ ಗಾಡಿಯಿಂದ ಉರುಳಿದ್ದನ್ನು ಯಂಕಪ್ಪ ತಂದಿದ್ದ. ಕುಂಬಳಕಾಯಿಯಷ್ಟೇ ದೊಡ್ಡದು, ಎತ್ತಲು ಇಬ್ಬರು ಬೇಕು. ಮೇಲೆ ಕೆಂಪು, ಒಳಗೆ ಕಪ್ಪು ಮಿಂಚು. ಹುಲಿಗೆಮ್ಮ ಅದರ ಮೇಲೆ ಶೀಷೆಯ ಎಣ್ಣೆಯನ್ನು ತಾನೇ, ತನ್ನ ಕೈಯಿಂದ ಸುರಿದಳು.

ಅಪ್ಪ ಕೆಂಡವಾದರು. "ಒಂಬತ್ತು ಬಿಟ್ಟು ಬಂದವರು ನಾವು. ನೀನು ಹತ್ತನೇದ್ದು ಹುಟ್ಟಿಸ್ತಿಯಲ್ಲ, ಬುದ್ಧಿ ಐತೇನು?"

ಹುಲಿಗೆಮ್ಮ ಎಣ್ಣೆಗೈಯನ್ನು ತಲೆಗೆ ಒರೆಸಿಕೊಂಡಳು. "ನೀವು ಬಿಟ್ಟು ಬಂದ್ರಿ ಕಾಕಾ. ಭಾಳ ಚಲೋ. ನನ್ನ ಹತ್ತಿಸ್ಕೊಂಡೇ ಇಲ್ಲಲ್ಲ, ನಾ ಎಲ್ಲಿಂದ ಇಳೀಲಿ?"

ಅಪ್ಪ ನನ್ನ ಕಡೆ ನೋಡಿದರು. ಆ ಕಲ್ಲಿಗೂ ಯಾವ ಗ್ರಹಕ್ಕೂ ಸಂಬಂಧವಿಲ್ಲ ಎಂದು ನಾನು ಹುಲಿಗೆಮ್ಮನಿಗೆ ಹೇಳಿದೆ. "ಗೊತ್ತೈತಿ ಬಿಡು," ಎಂದಳು. "ಅಲ್ಲಿರೋ ಒಂಬತ್ತಕ್ಕಾರ ಸಂಬಂಧ ಐತೇನು?" ಭವನದಲ್ಲಿ ನಾನು ಹೇಳಿದ್ದರಲ್ಲಿ ಒಂದು ಮಾತನ್ನೂ ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡು ಶನಿವಾರ ಕಳೆಯುವಷ್ಟರಲ್ಲಿ ಕೇರಿಯ ಹೆಂಗಸರೆಲ್ಲ ಶೀಷೆ ಹಿಡಿದು ಆ ಕಲ್ಲಿಗೆ ಬರತೊಡಗಿದರು. ಕೆಳಗಿನ ಚಪ್ಪಡಿ ಖಾಲಿ ಉಳಿಯಿತು. ಅದೇ ಹೊತ್ತಿಗೆ ಕಾಲುವೆಗೆ ನೀರು ಬಿಡುವ ಮಾತು ಮುಂದಕ್ಕೆ ಹೋಗುತ್ತಲೇ ಇತ್ತು. ಸಸಿ ಮಡಿಗೆ ಬೀಜ ನೆನೆಸಬೇಕಾದವರು ಆ ಕಡೆಯ ಏರಿಯಲ್ಲಿ ಗುಂಪುಗುಂಪಾಗಿ ನಿಂತು ಈ ಕಡೆ ನೋಡುತ್ತಿದ್ದರು. ದುರಸ್ತಿ ಮುಗಿದಿಲ್ಲ, ಅದಕ್ಕೆ ತಡ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಒಂಬತ್ತರ ಎದುರಿಗೆ ಹತ್ತನೆಯದನ್ನು ಇಟ್ಟದ್ದಕ್ಕೇ ನೀರು ನಿಂತಿದೆ ಎಂಬ ಮಾತು ಹುಟ್ಟಿತು. ಟೀವಿಯ ಜ್ಯೋತಿಷಿ ಅದಕ್ಕೆ ಸಾಕ್ಷಿಯಾದ.

ಮೊದಲು ಪಂಪಾಪತಿ ಒಬ್ಬನೇ ಬಂದ. ಹುಲಿಗೆಮ್ಮನ ಗುಂಪು ಪ್ರತಿವರ್ಷ ನಾಟಿ ಹಚ್ಚುವ ಗದ್ದೆಯ ಧಣಿ. ಒಣಗಿದ ಕಾಲುವೆ ದಾಟಿ ಬಂದು ಏರಿಯ ಕೆಳಗೆ ನಿಂತ.

"ಹುಲಿಗೆಮ್ಮ, ಅದನ್ನ ತಗಿ. ಊರಿಗೆ ಒಳ್ಳೇದಲ್ಲ."

"ಯಾಕ್ರಿ ಧಣಿ, ನಮ್ಮ ಕಡಿ ಏರಿ ಐತಿ, ನಮ್ಮ ಕಲ್ಲೈತಿ, ನಮ್ಮ ಎಣ್ಣಿ ಐತಿ. ನಿಮ್ಮ ತೂಬಿಗೆ ಎಣ್ಣಿ ಕಮ್ಮಿ ಬಿತ್ತೇನ್ರಿ?"

ಹಿಂದೆ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಪಂಪಾಪತಿಯ ಕಿವಿ ಕೆಂಪಾದದ್ದು ನನಗೆ ಕಂಡಿತು. "ನಗ್ರಿ, ನಗ್ರಿ," ಎಂದು ಹೋದ. ಯಂಕಪ್ಪ ಆ ಹೊತ್ತು ಗಾಡಿಯ ಮೇಲೆ ಹೋಗಿದ್ದ. ಸಂಜೆ ಬಂದವನು, "ತಗದುಬಿಡೋಣ, ಹೊಟ್ಟ್ಯಾಗ ಕೂಸೈತಿ," ಎಂದ. "ಕೂಸೈತಂತೇ ಇಟ್ಟೀನಿ," ಎಂದಳು ಅವಳು.

ಶನಿವಾರ ಬೆಳಿಗ್ಗೆ ಪಂಪಾಪತಿಯೂ ಮೇಲಿನ ಓಣಿಯ ಗಂಡಸರೂ ಬಂದರು. ಹಾರೆ, ಸುತ್ತಿಗೆ, ಮೀನು ಬಡಿಯುವ ಬಡಿಗೆಗಳು. ಕಾಲುವೆಯ ತಳದಲ್ಲಿ ಕೆಸರು ತುಳಿಯುತ್ತಾ ಬಂದರು, ಅವಸರವಿಲ್ಲದೆ. ಹುಲಿಗೆಮ್ಮ ಕಲ್ಲಿಗೆ ಬೆನ್ನು ಕೊಟ್ಟು ಕುಳಿತಳು. ಎಣ್ಣೆ ಆಗಲೇ ಸುರಿದಾಗಿತ್ತು, ಅವಳ ಸೀರೆಯ ಬೆನ್ನೆಲ್ಲ ಎಣ್ಣೆ. ಒಬ್ಬ ಅವಳ ತುರುಬು ಹಿಡಿದು ಪಕ್ಕಕ್ಕೆ ಎಳೆದ. ಇನ್ನೊಬ್ಬ ಕಾಲಿನಿಂದ ಒದ್ದ. ಅವಳು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಮಗ್ಗುಲಾದಳು, ಏಟೆಲ್ಲ ಬೆನ್ನಿಗೆ ಬೀಳುವ ಹಾಗೆ. ಯಂಕಪ್ಪ ಓಡಿ ಬಂದ. ಅವನ ಮೊಣಕೈಗೆ ಬಡಿಗೆ ಬಿದ್ದ ಸದ್ದು ನಾನು ಕೇಳಿದೆ. ಕೈ ತಿರುಗಬಾರದ ಕಡೆ ತಿರುಗಿತು. ಎರಡೂ ಏರಿಗಳಿಂದ ಕಲ್ಲು ಹಾರತೊಡಗಿದವು. ನಾನು ಎದುರಿಗೆ ಸಿಕ್ಕ ಒಂದು ಮುಂಗೈ ಕಚ್ಚಿದೆ. ಹಲ್ಲಿಗೆ ಎಲುಬು ತಾಗಿತು. ಅವನು ನನ್ನ ಕಿವಿಯ ಮೇಲೆ ಹೊಡೆದ. ಆಮೇಲೆ ಸ್ವಲ್ಪ ಹೊತ್ತು ನನಗೆ ಯಾವ ಶಬ್ದವೂ ಇರಲಿಲ್ಲ. ಜನರ ಬಾಯಿಗಳು ಮಾತ್ರ ತೆರೆಯುತ್ತಿದ್ದವು.

ಪಂಪಾಪತಿ ಸುತ್ತಿಗೆ ಎತ್ತಿದ. ಅದಿರಿನ ಕಲ್ಲು ಬೇರೆ ಕಲ್ಲಿನಂತಲ್ಲ. ಮೊದಲ ಏಟಿಗೆ ಸುತ್ತಿಗೆಯೇ ಪುಟಿದು ಹಿಂದೆ ಬಂತು. ಅವನಿಗೆ ಇನ್ನೂ ರೋಷ ಬಂತು. ಎರಡನೆಯದು, ಮೂರನೆಯದು. ಕಲ್ಲು ಒಡೆಯಲಿಲ್ಲ, ಅಂಚು ಸಿಡಿಯಿತು. ಹುಲಿಗೆಮ್ಮ ಆಗ ತಲೆ ಎತ್ತಿ ಕಲ್ಲಿನ ಕಡೆಗೇ ನೋಡುತ್ತಿದ್ದಳು. ಉಗುರಿನಷ್ಟು ಚೂರು ಅವಳ ಬಲಗಣ್ಣಿಗೆ ಹೊಕ್ಕಿತು.

ಅವಳು ಕೂಗಿದ್ದು ನನಗೆ ಕೇಳಿಸಲಿಲ್ಲ. ಎಲ್ಲರೂ ನಿಂತದ್ದು ಕಂಡಿತು. ಸುತ್ತಿಗೆ ಕೆಳಗೆ ಬಿತ್ತು. ಹೋಗುವಾಗ ಅವರು ಹಾರೆ ಹಾಕಿ ಕಲ್ಲನ್ನು ಮೀಟಿದರು. ಅದು ಏರಿಯಿಂದ ಉರುಳಿ ಕಾಲುವೆಯ ಕೆಸರಿನಲ್ಲಿ ಅರ್ಧ ಹೂತುಕೊಂಡಿತು.

ಬಳ್ಳಾರಿಗೆ ಹೋಗುವ ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಎಣ್ಣೆಯ ಸೀರೆಯಿಂದಲೇ ಅವಳ ಮುಖ ಒತ್ತಿ ಹಿಡಿದಿದ್ದೆ. ಮುಚ್ಚಿದ ಗಾಡಿಯಲ್ಲಿ ಎಳ್ಳೆಣ್ಣೆ ಮತ್ತು ರಕ್ತ. ಅವಳು ಕಣ್ಣಿನ ಮಾತು ಒಮ್ಮೆಯೂ ಎತ್ತಲಿಲ್ಲ. "ಒದೀತದೇನು ನೋಡು, ಕೈ ಇಟ್ಟು ನೋಡು," ಎಂದು ನನ್ನ ಕೈಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿದ್ದಳು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ರಸ್ತೆಯ ಕುಲುಕಾಟವೇ ಕೈಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಬರುವ ಮುಂಚೆ ನರ್ಸೊಬ್ಬರು ಹೊಟ್ಟೆಯ ಮೇಲೆ ಜೆಲ್ ಹಚ್ಚಿ, ಕೂಸಿನ ಎದೆಬಡಿತ ಕೇಳಿಸುವ ಸಣ್ಣ ಯಂತ್ರವೊಂದನ್ನು ಒತ್ತಿದರು. ಡಾಪ್ಲರ್. ನನಗೆ ಆ ಹೆಸರು ಇನ್ನೊಂದು ಕಡೆಯಿಂದ ಗೊತ್ತು. ತೂಗುವ ನಕ್ಷತ್ರಗಳ ಬೆಳಕಿನಲ್ಲಿ ಗ್ರಹಗಳನ್ನು ಮೊದಮೊದಲು ಹುಡುಕಿದ್ದು ಅದೇ ಲೆಕ್ಕದಿಂದ. ಯಂತ್ರದಿಂದ ಬಂದದ್ದು ಬರೀ ಸೊರಸೊರ, ಒಣ ಎಲೆಯ ಮೇಲೆ ಗಾಳಿ ಆಡಿದಂತೆ. ನರ್ಸು ಅದನ್ನು ಎಡಕ್ಕೆ ಸರಿಸಿದರು, ಕೆಳಗೆ ಸರಿಸಿದರು. ಸೊರಸೊರ. ನನಗೆ ಆಗ ಒಂದೇ ಕಿವಿ ಕೇಳುತ್ತಿತ್ತು, ಅದನ್ನು ಹತ್ತಿರ ತಂದೆ. ಗದ್ದಲದಿಂದ ಲಯವನ್ನು ಬೇರ್ಪಡಿಸುವುದನ್ನೇ ನಾನು ಎರಡು ವರ್ಷ ಕಲಿತದ್ದು. ಇಲ್ಲದ ಲಯ ಇದೆ ಎಂದು ಅನ್ನಿಸುವುದು ಎಷ್ಟು ಸುಲಭ ಎಂದೂ ಕಲಿತಿದ್ದೆ. ಆದ್ದರಿಂದ ಮೊದಲು ಕೇಳಿದಂತಾದಾಗ, ಇನ್ನೊಮ್ಮೆ ಕೇಳಲಿ ಎಂದು ಕಾದೆ.

"ಐತೇನ?" ಎಂದಳು ಹುಲಿಗೆಮ್ಮ.

ನರ್ಸು ಕೈ ನಿಲ್ಲಿಸಿದರು. ಸೊರಸೊರದ ಒಳಗಿಂದ, ಬಹಳ ವೇಗವಾಗಿ, ಕುದುರೆ ಓಡಿದಂತೆ.

"ಐತಿ," ಎಂದೆ.

ಕಣ್ಣು ಉಳಿಯಲಿಲ್ಲ. ಯಂಕಪ್ಪನ ಕೈಗೆ ರಾಡು ಹಾಕಿದರು. ಪೊಲೀಸರು ಬಂದರು, ಕೇಸು ದಾಖಲಾಯಿತು. ಅದು ಇನ್ನೂ ನಡೆಯುತ್ತಿದೆ. ಕಲ್ಲು ತಾನಾಗಿ ಸಿಡಿದದ್ದು, ನಾವು ಹೊಡೆದದ್ದಲ್ಲ ಎಂಬುದು ಅವರ ಕಡೆಯ ವಾದ. ನನ್ನ ಸಾಕ್ಷಿ ಇನ್ನೂ ಆಗಬೇಕು, ಆದ್ದರಿಂದ ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಮಳೆಗಾಲ ಹಿಡಿದ ಮೇಲೆ ಕಾಲುವೆಗೆ ನೀರು ಬಂತು, ತಡವಾಗಿ, ಒಮ್ಮೆಗೇ. ಕೆಂಪು ನೀರು ಕಸಕಡ್ಡಿ ನೂಕಿಕೊಂಡು ಬಂದು ತಳದ ಹೆಜ್ಜೆಗಳನ್ನೂ ಕಲ್ಲನ್ನೂ ಮುಚ್ಚಿತು. ಹುಲಿಗೆಮ್ಮನ ಗುಂಪು ಪಂಪಾಪತಿಯ ಗದ್ದೆಗೆ ಇಳಿಯಲಿಲ್ಲ. ಅವನು ಎಲ್ಲಿಂದಲೋ ಟೆಂಪೊದಲ್ಲಿ ಹೆಂಗಸರನ್ನು ತರಿಸಿದ. ಹುಲಿಗೆಮ್ಮ ಅಂಗಳದಲ್ಲಿ ಕೂತು ಅವರು ಹಚ್ಚಿದ ಸಾಲು ಡೊಂಕೆಂದು ಒಂದೇ ಕಣ್ಣಿನಲ್ಲಿ ನೋಡಿ ಬೈಯುತ್ತಿದ್ದಳು. ನಾನು ಸುಮ್ಮನೆ ಕೂತಿರುವುದು ಕಂಡರೆ, "ಯಾಕ ಅಳು ಮಾರಿ ಮಾಡಿ? ನಿಮ್ಮ ದುರ್ಬೀನಿಗೂ ಒಂದ ಕಣ್ಣು ಅಲ್ಲೇನು, ಅದು ಅಷ್ಟು ದೂರ ನೋಡಲ್ಲೇನು?" ಎನ್ನುತ್ತಿದ್ದಳು.

ಆ ದೂರದ ಗ್ರಹದ ಗಾಳಿಯ ಬಗ್ಗೆಯೂ ಅಷ್ಟರಲ್ಲಿ ತಕರಾರು ಬಂದಿತ್ತು. ಅದೇ ಮಾಹಿತಿಯನ್ನು ಬೇರೆಯವರು ಮತ್ತೆ ಲೆಕ್ಕ ಹಾಕಿ, ಆ ಅನಿಲ ಇದೆ ಎನ್ನಲು ಆಧಾರ ಸಾಲದು ಎಂದಿದ್ದರು. ಅದನ್ನು ಅವಳಿಗೆ ಹೇಳಿದೆ. ಅವಳು ಯೋಚಿಸಿ, "ಇಲ್ಲಂತ ಹೇಳ್ಯಾರೋ, ಗೊತ್ತಿಲ್ಲಂತ ಹೇಳ್ಯಾರೋ?" ಎಂದಳು. ಗೊತ್ತಿಲ್ಲ ಎಂದು, ಎಂದೆ. "ಹಂಗಾದ್ರ ನೋಡ್ತಿರ್ರಿ," ಎಂದಳು.

ಮಳೆಗಾಲದ ಕೊನೆಗೆ ಅವಳಿಗೆ ಹೆಣ್ಣು ಹುಟ್ಟಿತು. ದಿನ ತುಂಬುವ ಮುಂಚೆಯೇ, ಒಂದು ಹಿಡಿಯಷ್ಟು, ಸಿಟ್ಟಿನಿಂದ ಕಿರಿಚುತ್ತಾ. ನಾನು ಆಗ ದೂರದ ಊರಿನಲ್ಲಿ ಪಿಎಚ್‌ಡಿಗೆ ಸೇರಿಯಾಗಿತ್ತು. ಯಂಕಪ್ಪ ಫೋನು ಹಿಡಿದು ಆ ಕಿರಿಚುವುದನ್ನೇ ಕೇಳಿಸಿದ.

ಹಂಪಿಯಿಂದ ಹಿಂದಿರುಗುವಾಗ ಗೆಳತಿಯನ್ನು ಊರಿಗೆ ಕರೆದುಕೊಂಡು ಹೋದೆ. ಶನಿವಾರವಾಗಿತ್ತು. ಹುಲಿಗೆಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಏರಿಯ ಮೇಲೆಯೇ ಸಿಕ್ಕಳು, ಇನ್ನೊಂದು ಕೈಯಲ್ಲಿ ಶೀಷೆ. ಕಾಲುವೆ ತುಂಬಿ ಹರಿಯುತ್ತಿತ್ತು. ಆಚೆ ಅರಳಿಮರ, ಕಟ್ಟೆ, ಒಂಬತ್ತು ಕಲ್ಲು. ತೂಬಿನ ಬಾಗಿಲು ಎತ್ತಿತ್ತು. ನೀರು ಅದರೊಳಗೆ ನುಗ್ಗಿ ಪಂಪಾಪತಿಯ ಗದ್ದೆಯ ಕಡೆ ಹೋಗುತ್ತಿತ್ತು. ನಾವು ನಿಂತ ಏರಿಯ ಮೇಲೆ ಏನೂ ಇರಲಿಲ್ಲ. ಹುಲಿಗೆಮ್ಮ ಶೀಷೆಯ ಬಿರಡೆಯನ್ನು ಹಲ್ಲಿನಿಂದ ಕಿತ್ತು, ಎಣ್ಣೆಯನ್ನು ಕಾಲುವೆಗೆ ಸುರಿದಳು.

"ಅಲ್ಲಿ ಏನಿದೆ?" ಗೆಳತಿ ನನ್ನನ್ನು ಕೇಳಿದಳು. ನಾನು ಹೇಳುವ ಮುಂಚೆ ಹುಲಿಗೆಮ್ಮನೇ ಹೇಳಿದಳು. "ನಮ್ಮ ಗ್ರಹ ಐತ್ರಿ."

ಗೆಳತಿ ಬಗ್ಗಿ ನೋಡಿದಳು. "ಏನೂ ಕಾಣಿಸ್ತಾ ಇಲ್ಲ."

"ಕಾಣಂಗಿಲ್ರಿ. ನೀರು ನೋಡ್ರಿ."

ನೆಟ್ಟಗೆ ಹರಿದು ಬರುತ್ತಿದ್ದ ನೀರು ಆ ಒಂದು ಜಾಗದಲ್ಲಿ ಮಾತ್ರ ಸ್ವಲ್ಪ ಉಬ್ಬಿ, ಮಗ್ಗುಲಾಗಿ, ಸುಳಿದು ಮುಂದೆ ಹೋಗುತ್ತಿತ್ತು. ಎಣ್ಣೆ ಆ ಸುಳಿಯಲ್ಲಿ ಒಮ್ಮೆ ಸುತ್ತಿ, ಬಣ್ಣ ಬಿಟ್ಟು, ತೆಳ್ಳಗಾಗಿ ತೂಬಿನ ಕಡೆ ಸಾಗಿತು.

"ಪ್ರತಿ ವಾರ ಆ ಪಂಪಾಪತಿ ಗದ್ದಿಗೇ ಹೋಕ್ಕತಿ ನೋಡು ನಿನ್ನ ಎಣ್ಣಿ," ಎಂದೆ ನಾನು.

"ಹೋಗ್ಲಿ ಬಿಡು," ಎಂದಳು ಹುಲಿಗೆಮ್ಮ, ಖಾಲಿ ಶೀಷೆಯನ್ನು ಮಗುವಿನ ಕೈಗೆ ಕೊಡುತ್ತಾ. "ಉಣ್ಲಿ."